ಬಿತ್ತನೆ ರಾಗಿಯೊಳಗಿನ ಹಾರ್ಡ್ ಡಿಸ್ಕು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ಚನ್ನಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು ಕೂತರೆ ಎಂಥ ಸಾಧುವಿಗೂ ಸಿಟ್ಟು ಬರುತ್ತದೆ. "ಒಸಿ ಸ್ಲೋ ಆಗೈತೆ ಮೇಡಂ" ಅಂತ ತಂದಿಟ್ಟ ಲ್ಯಾಪ್‌ಟಾಪ್ ಬಿಚ್ಚಿದರೆ ಒಳಗೆ ಇರುವೆಗಳು ಸಂಸಾರ ಹೂಡಿರುತ್ತವೆ. ಹಾರ್ಡ್ ಡಿಸ್ಕು ಪೂರ್ತಿ ಸತ್ತ ಮೇಲೆ ಬಂದು, ಮಗಳ ಮದುವೆ ಫೋಟೋ ಎಲ್ಲ ಅದರಲ್ಲೇ ಇತ್ತು, ಹೇಗಾದರೂ ತೆಗೆದುಕೊಡಿ ಅನ್ನುತ್ತಾರೆ. ಇನ್ನೊಂದು ನಕಲು ಎಲ್ಲಿಟ್ಟಿದ್ದೀರಿ ಅಂತ ಕೇಳಿದರೆ, ನಾನೇ ಏನೋ ಕದ್ದವಳ ಹಾಗೆ ನನ್ನ ಮುಖ ನೋಡುತ್ತಾರೆ.

ಆ ನಕಲು ಮಾಡಿಡುವುದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ. ಅದು ನನ್ನ ಹೆಮ್ಮೆ, ಮುಚ್ಚಿಟ್ಟುಕೊಳ್ಳುವುದಿಲ್ಲ. ನಾಲ್ಕು ಫೋಟೋ, ಎರಡು ಪತ್ರ ಎತ್ತಿಟ್ಟುಕೊಳ್ಳುವುದನ್ನು ಯಾರು ಬೇಕಾದರೂ ಮಾಡುತ್ತಾರೆ. ಅದು ಮನೆ ಖಾಲಿ ಮಾಡುವಾಗ ಸಾಮಾನು ಸಾಗಿಸಿದ ಹಾಗೆ. ನಾನು ಮಾಡುವುದು ಬೇರೆ. ಇಡೀ ಮನೆಯನ್ನೇ, ಗೋಡೆ, ಬಾಗಿಲು, ಒಲೆ, ಒಲೆಯ ಮೇಲಿನ ಹಾಲಿನ ಸಮೇತ ಎತ್ತಿ ಇನ್ನೊಂದು ಸೈಟಿನಲ್ಲಿ ಇಟ್ಟುಬಿಡುವುದು. ಹೊಸ ಡಿಸ್ಕು ಹಾಕಿ ಸ್ವಿಚ್ ಒತ್ತಿದರೆ ಕಂಪ್ಯೂಟರಿಗೇ ತಾನು ಮನೆ ಬದಲಿಸಿದ್ದು ಗೊತ್ತಾಗಬಾರದು. ಇಷ್ಟನ್ನೂ ಮಾಡುವ ತಂತ್ರಾಂಶ ನನ್ನ ಬೀಗದ ಕೈ ಗೊಂಚಲಿನಲ್ಲಿ ನೇತಾಡುವ ಒಂದು ಪೆನ್‌ಡ್ರೈವಿನಲ್ಲಿದೆ. ಅದಕ್ಕೆ ನಾನು ಒಂದು ಪೈಸೆ ಕೊಟ್ಟಿಲ್ಲ, ಕದ್ದೂ ಇಲ್ಲ. ಅದನ್ನು ಬರೆದವರು ಎಲ್ಲೆಲ್ಲೋ ಇದ್ದಾರೆ. ಯಾರು ಬೇಕಾದರೂ ತಗೊಳ್ಳಿ, ಒಳಗೆ ಏನಿದೆ ಅಂತ ನೋಡಿ, ತಿದ್ದಿ, ಪಕ್ಕದವರಿಗೂ ಕೊಡಿ ಅಂತ ಹೇಳಿಯೇ ಬಿಟ್ಟಿದ್ದಾರೆ. ಬಣ್ಣ ಇಲ್ಲ, ಬೆಡಗಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಅಷ್ಟೇ. ಅದನ್ನು ನೋಡಿದವರಿಗೆ ನಂಬಿಕೆಯೇ ಬರುವುದಿಲ್ಲ.

ನಕಲು ಅಂದರೆ ನನ್ನ ಲೆಕ್ಕದಲ್ಲಿ ಎರಡು. ಎರಡೂ ಒಂದೇ ಸೂರಿನಡಿ ಇರಬಾರದು. ಇದನ್ನು ಡಿಪ್ಲೊಮಾದಲ್ಲಿ ಹೇಳಿಕೊಟ್ಟಿದ್ದರೋ ಇಲ್ಲವೋ ನೆನಪಿಲ್ಲ, ನಾನು ಕಲಿತದ್ದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ, ನಮ್ಮ ಮನೆಯಲ್ಲಿ. ನಮ್ಮಪ್ಪ ಪ್ರತಿವರ್ಷ ಒಕ್ಕಣೆ ಮುಗಿದ ಮೇಲೆ ಒಳ್ಳೆಯ ತೆನೆಯ ರಾಗಿಯನ್ನು ಬಿತ್ತನೆಗೆ ಅಂತ ಬೇರೆ ತೆಗೆದು, ಅದರಲ್ಲಿ ಅರ್ಧವನ್ನು ತಿಪ್ಪಸಂದ್ರದಲ್ಲಿದ್ದ ನಮ್ಮ ಸೋದರತ್ತೆಯ ಮನೆಗೆ ಹೊತ್ತುಕೊಂಡು ಹೋಗಿ ಇಟ್ಟು ಬರುತ್ತಿದ್ದರು. ಅತ್ತೆಯ ಮನೆಯ ಬಿತ್ತನೆಯಲ್ಲಿ ಅರ್ಧ ನಮ್ಮ ಮನೆಗೆ ಬರುತ್ತಿತ್ತು. ಇಲ್ಲಿ ಹೆಗ್ಗಣ ಬಿದ್ದರೆ ಅಲ್ಲಿ ಇರುತ್ತದೆ, ಅಲ್ಲಿ ಸೂರು ಸೋರಿದರೆ ಇಲ್ಲಿ ಇರುತ್ತದೆ. ಚಿಕ್ಕವಳಿದ್ದಾಗ ನನಗೆ ಇದು ಸುಮ್ಮನೆ ಮೂಟೆ ಹೊರುವ ಚಟ ಅನ್ನಿಸುತ್ತಿತ್ತು. ಅತ್ತೆ ತೀರಿಕೊಂಡ ಮೇಲೂ ಅವರ ಮಕ್ಕಳೊಂದಿಗೆ ಅಪ್ಪ ಆ ಕೊಡುಕೊಳ್ಳುವಿಕೆ ಬಿಡಲಿಲ್ಲ.

ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದು ಅಂಗಡಿ ಹಾಕಿದ ಮೇಲೆ ನಾನೂ ಅದನ್ನೇ ಮಾಡಿದೆ. ಗಿರಾಕಿಗಳು ಒಪ್ಪಿದರೆ ಅವರ ಡಿಸ್ಕಿನ ಒಂದು ನಕಲು ಅಂಗಡಿಯಲ್ಲಿ, ಇನ್ನೊಂದು ಕಲ್ಯದಲ್ಲಿ. ಗೌರಿ ಹಬ್ಬಕ್ಕೆ ತವರಿಗೆ ಹೋಗುವಾಗ ಬ್ಯಾಗಿನಲ್ಲಿ ಹೂವು ಹಣ್ಣಿನ ಜೊತೆ ಒಂದು ಹಾರ್ಡ್ ಡಿಸ್ಕು. ಹೊಸದನ್ನು ಅಪ್ಪನ ಕೈಗೆ ಕೊಟ್ಟು ಹಳೆಯದನ್ನು ಬಾಗಿನದ ಜೊತೆ ವಾಪಸ್ ತರುವುದು. ಇದೂ ಬಿತ್ತನೆ ಇದ್ದ ಹಾಗೆ, ಬೀರುವಿನಲ್ಲಿ ಇಡಿ ಅಂತ ಹೇಳಿದ್ದೆ. ಅಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ಎಲ್ಲಿಡುತ್ತಾರೆ ಅಂತ ನಾನು ಯಾವತ್ತೂ ಹಿಂದೆ ಹೋಗಿ ನೋಡಿರಲಿಲ್ಲ.

ಈಗ ಚಾಚಾನ ವಿಷಯಕ್ಕೆ ಬರುತ್ತೇನೆ. ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ ಅವರದು ಮರದ ಆಟಿಕೆಯ ಕಾರ್ಖಾನೆ. ಕಾರ್ಖಾನೆ ಅಂದರೆ ಶೀಟ್ ಹೊದಿಸಿದ ಒಂದು ಉದ್ದನೆಯ ಶೆಡ್ಡು, ಮರ ಕಡೆಯುವ ಮೂರ್ನಾಲ್ಕು ಲೇತು, ಅರಗಿನ ಬಣ್ಣ ಹಚ್ಚುವ ಒಂದಷ್ಟು ಹೆಂಗಸರು. ಚಾಚಾ ಉಳಿ ಹಿಡಿದು ಲೇತಿನ ಮುಂದೆ ಕೂತರೆ ಆಲೆ ಮರದ ತುಂಡು ಕಣ್ಣೆದುರಿಗೇ ಬುಗುರಿಯಾಗುತ್ತಿತ್ತು. ಅವರು ಮಾಡಿದ ಬುಗುರಿಯನ್ನು ನೆಲಕ್ಕೆ ಬಿಟ್ಟರೆ ತಿರುಗುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತಿರಲಿಲ್ಲ, ಅಷ್ಟು ಸಮ. ಆಮೇಲೆ ಅವರ ಕೈ ನಡುಗಲು ಶುರುವಾಯಿತು. ಡಾಕ್ಟರು ಮಾತ್ರೆ ಕೊಟ್ಟರು, ನಡುಕ ನಿಲ್ಲಲಿಲ್ಲ. ಚಹಾದ ಲೋಟ ಹಿಡಿದರೆ ಅರ್ಧ ಅಂಗಿಗೆ, ಅರ್ಧ ಬಾಯಿಗೆ.

ಕೈ ಪೂರ್ತಿ ಸೋಲುವ ಮೊದಲು ಚಾಚಾ ಒಂದು ಹಳೆಯ ಕಂಪ್ಯೂಟರ್ ಲೇತ್ ಕೊಂಡುಕೊಂಡರು. ಒಬ್ಬ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈ ಸ್ವಲ್ಪ ಸ್ಥಿಮಿತವಾಗಿರುತ್ತಿದ್ದ ಬೆಳಗಿನ ಹೊತ್ತಿನಲ್ಲಿ ಒಂದೊಂದೇ ಆಟಿಕೆ ತಾವೇ ಕಡೆದು, ಅದರ ಏರು, ತಗ್ಗು, ಕುತ್ತಿಗೆ, ಹೊಟ್ಟೆ ಎಲ್ಲ ಅಳೆಸಿ, ಯಂತ್ರಕ್ಕೆ ಹೇಳಿಕೊಟ್ಟರು. ಯಂತ್ರ ಮಾಡಿದ್ದು ತಮ್ಮ ಕೈಯಲ್ಲಿ ಬಂದ ಹಾಗೆ ಇಲ್ಲದಿದ್ದರೆ ಒಪ್ಪುತ್ತಿರಲಿಲ್ಲ, ಮತ್ತೆ ಮತ್ತೆ ತಿದ್ದಿಸುತ್ತಿದ್ದರು. ಬುಗುರಿ, ಗಿಲಕಿ, ಒಂದರ ಮೇಲೊಂದು ಏರಿಸುವ ಬಳೆಗಳು, ಕತ್ತು ಅಲ್ಲಾಡಿಸುವ ಬಾತುಕೋಳಿ. ಅವರ ಕೈಯಲ್ಲಿದ್ದದ್ದೆಲ್ಲ ಆ ಲೇತಿಗೆ ಜೋಡಿಸಿದ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಹೋಗಿ ಸೇರಿತು. ಆ ಹೊತ್ತಿಗೆ ಕೈ ಉಳಿ ಹಿಡಿಯುವುದನ್ನೇ ಬಿಟ್ಟಿತ್ತು.

ಒಂದು ದಿನ ಆ ಕಂಪ್ಯೂಟರು ಸತಾಯಿಸುತ್ತಿದೆ ಅಂತ ನನ್ನನ್ನು ಕರೆದರು. ಡಿಸ್ಕು ಹಳೆಯದು, ಲೇತ್ ಮಾಡಿದ ಕಂಪನಿಯೇ ಮುಚ್ಚಿಹೋಗಿದೆ, ಮೂಲ ಸಿ.ಡಿ. ಯಾರ ಹತ್ತಿರವೂ ಇಲ್ಲ. ಡಿಸ್ಕು ಬದಲಾಯಿಸಿ ಎರಡು ನಕಲು ತೆಗೆದಿಡುತ್ತೇನೆ ಅಂದೆ.

"ಅದ್ಯಾವ ಸಾಫ್ಟ್‌ವೇರ್ ಬೇಟಿ? ರೇಟ್ ಎಷ್ಟು?" ಅಂದರು ಚಾಚಾ.

"ಸಾಫ್ಟ್‌ವೇರಿಗೆ ಏನೂ ಇಲ್ಲ ಚಾಚಾ. ಬಿಟ್ಟಿ. ನನ್ನ ಕೂಲಿ, ಹೊಸ ಡಿಸ್ಕಿನ ದುಡ್ಡು ಕೊಟ್ಟರೆ ಸಾಕು."

ಅವರು ನಕ್ಕುಬಿಟ್ಟರು. ಬಣ್ಣ ಹಚ್ಚುತ್ತಿದ್ದ ಹೆಂಗಸರ ಕಡೆ ತಿರುಗಿ, "ಕೇಳಿದ್ರಾ? ಬಿಟ್ಟಿ ಅಂತೆ. ಅದಕ್ಕೇ ಎರಡು ಮಾಡ್ತಾಳೆ. ಬಿಟ್ಟಿ ಸಿಕ್ಕಿದ್ರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ!" ಅಂದರು. ಹೆಂಗಸರೆಲ್ಲ ಕಿಸಕ್ಕೆಂದರು.

ನನಗೆ ಎಲ್ಲಿತ್ತೋ ಸಿಟ್ಟು. "ಹೂಂ ಚಾಚಾ, ಒಂದು ನನಗೆ, ಒಂದು ನಮ್ಮಪ್ಪನಿಗೇನೇ! ಕಲ್ಯಕ್ಕೆ ತಗೊಂಡು ಹೋಗಿ ನಮ್ಮಪ್ಪನ ಕೈಯಲ್ಲೇ ಕೊಡ್ತೀನಿ, ಏನಿವಾಗ?" ಅಂದೆ. ಆಮೇಲೆ ಸುಮ್ಮನಿರಲಾರದೆ, ಆಲೆ ಮರ ನಿಮಗೆ ನೆರಳು ಕೊಟ್ಟಿದ್ದಕ್ಕೆ ಬಿಲ್ ಹಾಕಿತ್ತಾ ಅಂತಲೂ ಕೇಳಿದೆ. ಚಾಚಾ ನಗುತ್ತಲೇ ನನಗೆ ಚಹಾ ತರಿಸಿದರು. ಅವತ್ತಿನಿಂದ ನನ್ನನ್ನು ಕಂಡಾಗಲೆಲ್ಲ, "ಏನ್ ಬೇಟಿ, ನಿಮ್ಮಪ್ಪನ ಕಾಪಿ ಹೆಂಗಿದೆ?" ಅನ್ನುವುದು ಅವರಿಗೆ ಒಂದು ಆಟವಾಯಿತು. ಪ್ರತಿವರ್ಷ ಗೌರಿ ಹಬ್ಬಕ್ಕೆ ಮೊದಲು ನಾನು ಶೆಡ್ಡಿಗೆ ಹೋಗಿ ಹೊಸ ನಕಲು ತೆಗೆದುಕೊಳ್ಳುತ್ತಿದ್ದೆ, ಅವರು ಅದೇ ಮಾತು ಹೇಳುತ್ತಿದ್ದರು.

ಆ ವರ್ಷ ಗೌರಿ ಹಬ್ಬ ಇನ್ನೂ ದೂರವಿದ್ದಾಗಲೇ ಮಳೆ ಹಿಡಿಯಿತು. ಕೆರೆಗಳು ಕೋಡಿ ಬಿದ್ದವು. ಬೆಳಗ್ಗೆ ನಾನು ಬಾಗಿಲು ತೆಗೆಯಲು ಬಂದಾಗ ಅಂಗಡಿಯೊಳಗೆ ಮೊಣಕಾಲಿನ ಮೇಲೆ ನೀರಿತ್ತು. ನಕಲುಗಳನ್ನೆಲ್ಲ ಇಟ್ಟಿದ್ದ ಕಬ್ಬಿಣದ ಪೆಟ್ಟಿಗೆ, ಭಾರ ಅಂತ ನೆಲದ ಮೇಲೆಯೇ ಇತ್ತು. ಮುಚ್ಚಳ ತೆಗೆದರೆ ಡಿಸ್ಕುಗಳೆಲ್ಲ ಕೆಂಪು ಕೆಸರಿನಲ್ಲಿ ಮುಳುಗಿ ಕೂತಿದ್ದವು. ನಾನು ಅಳಲಿಲ್ಲ. ನೀರನ್ನೂ ಚರಂಡಿಯನ್ನೂ ಬಾಯಿಗೆ ಬಂದ ಹಾಗೆ ಬೈಯುತ್ತಾ ಬಕೆಟ್ ಹಿಡಿದು ನಿಂತೆ.

ಚಾಚಾನ ಶೆಡ್ಡಿಗೂ ನೀರು ನುಗ್ಗಿತ್ತು. ಆದರೆ ಕಂಪ್ಯೂಟರು ಮೇಜಿನ ಮೇಲಿದ್ದದ್ದರಿಂದ ಮುಳುಗಿರಲಿಲ್ಲ. ನೀರು ಇಳಿದ ಮೇಲೆ ಅವರು ಎಲ್ಲ ಒಣಗಿಸಿ ಯಂತ್ರ ಶುರುಮಾಡಿದರು. ನಾನು ಕೆಸರು ಬಳಿಯುವುದರಲ್ಲೇ ಮುಳುಗಿದ್ದೆ, ಅತ್ತ ಹೋಗಲಾಗಲಿಲ್ಲ. ಒಂದು ಮಧ್ಯಾಹ್ನ ಚಾಚಾ ತಾವೇ ಅಂಗಡಿಗೆ ಬಂದರು. ನಡುಗುವ ಎರಡೂ ಕೈಗಳಲ್ಲಿ ಒಂದು ವಸ್ತ್ರದ ಗಂಟು. ಬಿಚ್ಚಿ ಮೇಜಿನ ಮೇಲಿಟ್ಟರು. ಒಳಗಿದ್ದದ್ದು ಆ ಹಾರ್ಡ್ ಡಿಸ್ಕು. ಮೇಲಿನ ಮುಚ್ಚಳದ ಸ್ಕ್ರೂಗಳೆಲ್ಲ ಬಿಚ್ಚಿದ್ದವು. ಒಳಗಿನ ಕನ್ನಡಿಯಂಥ ತಟ್ಟೆ ಫಳಫಳ ಹೊಳೆಯುತ್ತಿತ್ತು. ಬೆರಳಿಟ್ಟು ನೋಡಿದೆ. ಎಣ್ಣೆ.

"ಕರಕರ ಅಂತಿತ್ತು ಬೇಟಿ," ಅಂದರು ಚಾಚಾ. "ಬೇರಿಂಗ್ ಒಣಗೈತೆ ಅಂದ್ಕೊಂಡೆ. ಬಿಚ್ಚಿಸಿ ನೋಡಿದ್ರೆ ನಮ್ಮ ಲೇತ್ ಥರಾನೇ ತಿರುಗೋ ಸಾಮಾನು. ಒಂದ್ ಎರಡು ತೊಟ್ಟು ಬಿಟ್ಟೆ."

ಸದ್ದು ಮಾಡುವುದನ್ನು ಬಿಚ್ಚಿ ಎಣ್ಣೆ ಬಿಡುವುದು ಲೇತಿನವರ ರಕ್ತದಲ್ಲೇ ಇದೆ. ಹುಟ್ಟಿದಾಗಿನಿಂದ ಅದನ್ನೇ ಮಾಡಿಕೊಂಡು ಬಂದ ಮನುಷ್ಯ, ಇನ್ನೇನು ಮಾಡಿಯಾರು? ಆದರೆ ಇದೆಲ್ಲ ನನಗೆ ಹೊಳೆದದ್ದು ಆಮೇಲೆ. ಆ ಗಳಿಗೆಯಲ್ಲಿ ನಾನು ಕೂಗಾಡಿದೆ. "ಚಾಚಾ, ಇದೇನು ಗಾಣವಾ? ಧೂಳು ಬಿದ್ದರೇ ಸಾಯೋ ಸಾಮಾನಿಗೆ ಎಣ್ಣೆ ಬಿಟ್ಟಿದ್ದೀರಲ್ಲ! ನನ್ನ ಅಂಗಡಿ ಏನು ಅಮೆರಿಕದಲ್ಲಿತ್ತಾ?" ಅಂದೆ. ಎದುರಿನ ಬೇಕರಿಯವರು ಹೊರಗೆ ಬಂದು ನೋಡಿದರು.

ಚಾಚಾ ಸ್ಟೂಲಿನ ಮೇಲೆ ಕೂತು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ಹಿಡಿದರೂ ಎರಡೂ ನಡುಗುತ್ತಿದ್ದವು. "ಹಂಗಾದ್ರೆ ಬುಗುರಿ ಹೋಯ್ತಾ ಬೇಟಿ?" ಅಂದರು. ಯಂತ್ರ ಹೋಯಿತಾ ಅಂತ ಕೇಳಲಿಲ್ಲ. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಆ ಬುಗುರಿಯನ್ನು ಇನ್ನೊಂದು ಸಲ ಹೇಳಿಕೊಡಲು ಅವರಿಗೆ ಕೈ ಇರಲಿಲ್ಲ. ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ, ಅದು ಎಣ್ಣೆ ಕುಡಿದಿತ್ತು. ನನ್ನ ನಕಲು ಕೆಸರು ಕುಡಿದಿತ್ತು.

ಕಲ್ಯಕ್ಕೆ ಫೋನ್ ಮಾಡಿದೆ. ನಮ್ಮಣ್ಣನ ಫೋನನ್ನು ಅಪ್ಪ ಎತ್ತಿಕೊಂಡರು. ಇಲ್ಲೊಬ್ಬರು ಸಾಬರ ಕೆಲಸ ನಿಂತುಹೋಗಿದೆ, ನಾನು ಕೊಟ್ಟ ಡಿಸ್ಕು ಇದೆಯಾ ಅಂದೆ.

"ಐತೆ ಕಣವ್ವ. ಎಲ್ಲೋಗ್ತದೆ?"

"ಬೀರುವಿನಲ್ಲೇ ತಾನೇ?"

"ಬೀರಲ್ಲಿ ಯಾಕೆ ಮಡಗ್ಲಿ? ಅದರೊಳೀಕೆ ಮನೆಮಂದಿಯೆಲ್ಲ ಕೈ ಹಾಕ್ತರೆ. ಬಿತ್ತನೆ ರಾಗಿ ಡ್ರಮ್ಮಲ್ಲಿ ಹೂತು ಮಡಗಿವ್ನಿ."

ಒಂದು ಕಡೆ ಎಣ್ಣೆ, ಒಂದು ಕಡೆ ಕೆಸರು, ಈಗ ರಾಗಿ. "ಅಪ್ಪಾ, ರಾಗಿಯೊಳಗೆ ಯಾರಾದ್ರೂ ಡಿಸ್ಕ್ ಇಡ್ತಾರಾ?" ಅಂತ ಕೂಗಿದೆ.

"ನೀನೇ ಅಲ್ವಾ ಇದು ಬಿತ್ತನೆ ಇದ್ದಂಗೆ ಅಂದಿದ್ದು?" ಅಂದರು ಅಪ್ಪ, ಏನೂ ಆಗದವರ ಹಾಗೆ. "ಉಪವಾಸ ಬಿದ್ರೂವೆ ಬಿತ್ತನೆ ರಾಗಿಗೆ ನಮ್ಮನೇಲಿ ಯಾರೂ ಕೈ ಹಾಕಕಿಲ್ಲ. ಕವರ್ ಸುತ್ತಿ ಮಡಗಿವ್ನಿ, ಒಳೀಕೆ ಒಂದ್ ಹನಿ ನೀರು ಬಿದ್ದಿಲ್ಲ."

ಮಾಗಡಿಯಲ್ಲಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿ, ನಾನು ರಾಮನಗರದ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತೇನೆ ಅಂದೆ. ಎಲ್ಲರೂ ಹಾಗೇ ಮಾಡುತ್ತಾರೆ. ಅಪ್ಪ ಒಪ್ಪಲಿಲ್ಲ. "ಬಿತ್ತನೆಯ ಬ್ಯಾರೆಯೋರ ಕೈಲಿ ಕಳಿಸ್ತರೇನವ್ವ? ನಾನೇ ತಕ್ಕಂಡ್ ಬತ್ತೀನಿ," ಅಂದರು. ಫೋನ್ ಇಟ್ಟೇಬಿಟ್ಟರು.

ಮಾರನೆಯ ದಿನ ಹೊತ್ತೇರುವ ಹೊತ್ತಿಗೆ ಅಪ್ಪ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದರು. ಒಗೆದ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಡಿಸ್ಕಿನ ಗಂಟು ಮಾತ್ರ ಹೆಗಲಿಗೂ ಹಾಕಿಲ್ಲ, ಚೀಲಕ್ಕೂ ಹಾಕಿಲ್ಲ, ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿ ಹಿಡಿದಿದ್ದರು. ರಾಮನಗರದಲ್ಲಿ ಬಸ್ಸು ಬದಲಾಯಿಸುವಾಗ ಯಾರೋ ಪುಣ್ಯಾತ್ಮ ಹಿಡಿದುಕೊಳ್ಳಲು ಬಂದರೆ ಕೊಡಲಿಲ್ಲವಂತೆ. ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದಿದ್ದರು. ಅಂಗಡಿಗೆ ಹೋಗಿ ಕಾಫಿ ಕುಡಿಯೋಣ ಅಂದರೆ, ಮೊದಲು ಆ ಸಾಬ್ರ ಕೆಲಸ ಆಗಲಿ ಅಂದರು. ಇಷ್ಟು ವರ್ಷ ಡಿಸ್ಕು ಕಾಯ್ದ ಅಪ್ಪನಿಗೆ ಅದರೊಳಗೆ ಏನಿದೆ ಅಂತ ನಾನು ಬಿಡಿಸಿ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ದಾರಿಯಲ್ಲಿ ಹೇಳಿದೆ. ಅಪ್ಪ ನಡಿಗೆ ಜೋರು ಮಾಡಿದರು.

ಶೆಡ್ಡಿನಲ್ಲಿ ಕೆಲಸ ನಿಂತಿತ್ತು. ಬಣ್ಣ ಹಚ್ಚುವ ಹೆಂಗಸರು ಕೈಕಟ್ಟಿ ಕೂತಿದ್ದರು. ಅಪ್ಪ ಗಂಟು ಬಿಚ್ಚಿದರು. ಟವೆಲ್ಲು, ಅದರೊಳಗೆ ಹಾಲಿನ ಕವರು, ಅದರೊಳಗೆ ಇನ್ನೊಂದು ಕವರು, ಕೊನೆಗೆ ಡಿಸ್ಕು. ಮೇಲೆ ಒಂದು ಕುಂಕುಮದ ಬೊಟ್ಟು. ಆಯುಧಪೂಜೆಯಲ್ಲಿ ನೇಗಿಲು, ಕುಡುಗೋಲಿನ ಜೊತೆ ಅದನ್ನೂ ಇಟ್ಟಿದ್ದರಂತೆ. ಕೇಬಲ್ ಚುಚ್ಚುವ ಜಾಗದಲ್ಲಿ ಒಂದೆರಡು ರಾಗಿ ಕಾಳು ಸಿಕ್ಕಿಕೊಂಡಿದ್ದವು. ಸೂಜಿಯಿಂದ ಬಿಡಿಸಿದೆ.

ಹೊಸ ಡಿಸ್ಕು ಜೋಡಿಸಿ, ನನ್ನ ಬಿಟ್ಟಿ ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಶುರುಮಾಡಿದೆ. ಕಪ್ಪು ಪರದೆ, ಬಿಳಿ ಅಕ್ಷರ. ಯಾವುದರಿಂದ, ಯಾವುದಕ್ಕೆ ಅಂತ ಅದು ಕೇಳಿತು. ಇಲ್ಲಿ ತಿರುಗುಮುರುಗಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕೂತುಬಿಡುತ್ತದೆ, ಆಮೇಲೆ ದೇವರೇ ಗತಿ. ಯಾವತ್ತೂ ಕಣ್ಣುಮುಚ್ಚಿ ಒತ್ತುತ್ತಿದ್ದವಳು ಅವತ್ತು ಗಟ್ಟಿಯಾಗಿ ಓದಿಕೊಂಡೆ. ಅಪ್ಪನದರಿಂದ, ಚಾಚಾನದಕ್ಕೆ. ಒತ್ತಿದೆ. ಪರದೆಯ ಮೇಲೆ ಗೆರೆ ನಿಧಾನವಾಗಿ ಉದ್ದವಾಗತೊಡಗಿತು. ನನಗೆ ಭಯವಿತ್ತು, ಸುಳ್ಳು ಯಾಕೆ ಹೇಳಲಿ. ರಾಗಿಯಲ್ಲಿ ಹೂತಿಟ್ಟಿದ್ದ ಡಿಸ್ಕು ಎಲ್ಲಿ ತಡವರಿಸುತ್ತದೋ ಅಂತ ಕಿವಿಯಿಟ್ಟು ಕೂತಿದ್ದೆ. ಅದು ಒಂದು ಸಲವೂ ಕೆಮ್ಮಲಿಲ್ಲ.

ಅಷ್ಟು ಹೊತ್ತೂ ಅಪ್ಪನೂ ಚಾಚಾನೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ಅಪ್ಪ ಅವರ ಕೈ ನಡುಗುವುದನ್ನು ನೋಡಿದರು, ಆದರೆ ಕೇಳಲಿಲ್ಲ. ಮಳೆ, ರಾಗಿ ಪೈರು, ಆಲೆ ಮರ ಈಗ ಎಲ್ಲಿ ಸಿಗುತ್ತದೆ ಅಂತ ಮಾತಾಡಿದರು. ಚಹಾ ಬಂದಾಗ ಅಪ್ಪ ಚಾಚಾನ ಲೋಟದಿಂದ ಅರ್ಧವನ್ನು ತಮ್ಮ ಲೋಟಕ್ಕೆ ಬಗ್ಗಿಸಿಕೊಂಡು, ಚೆಲ್ಲದಷ್ಟು ಉಳಿಸಿ ಅವರ ಕೈಗೆ ಕೊಟ್ಟರು.

ಕೆಲಸ ಮುಗಿಯಿತು. ಪೆನ್‌ಡ್ರೈವ್ ಕಿತ್ತು ಕಂಪ್ಯೂಟರನ್ನು ಮತ್ತೆ ಶುರುಮಾಡಿದೆ. ಲೇತಿನ ಪರದೆ ಬಂತು. ಬುಗುರಿ ಇತ್ತು, ಗಿಲಕಿ ಇತ್ತು, ಬಳೆಗಳಿದ್ದವು, ಬಾತುಕೋಳಿ ಇತ್ತು. ಹೋದ ಗೌರಿ ಹಬ್ಬದ ನಂತರ ಮೆಕ್ಯಾನಿಕ್ಕು ತಾನೇ ಬರೆದು ಸೇರಿಸಿದ್ದ ಒಂದು ಪೆನ್ಸಿಲ್ ಡಬ್ಬಿ ಮಾತ್ರ ಇರಲಿಲ್ಲ. "ಹೋಗಲಿ ಬಿಡು, ಅದು ನನಗೂ ಇಷ್ಟ ಇರಲಿಲ್ಲ," ಅಂದರು ಚಾಚಾ. ಹೆಂಗಸರಲ್ಲೊಬ್ಬಳು ಮರದ ತುಂಡು ಸಿಕ್ಕಿಸಿದಳು. ಉಳಿ ತಾನಾಗಿ ಮುಂದೆ ಬಂತು. ಬಿಳಿ ಹೊಟ್ಟು ಹಾರಿತು. ಮೊದಲು ತಲೆ, ಆಮೇಲೆ ಹೊಟ್ಟೆ, ಆಮೇಲೆ ಮೊನೆ. ಚಾಚಾ ತಮ್ಮ ಕೈಯನ್ನು ಮಡಿಲಲ್ಲಿಟ್ಟುಕೊಂಡು, ತಮ್ಮದೇ ಕೈ ಅಲ್ಲಿ ಕೆಲಸ ಮಾಡುವುದನ್ನು ನೋಡುತ್ತಿದ್ದರು. ನಾನು ಎಷ್ಟೋ ಡಿಸ್ಕು ಉಳಿಸಿದ್ದೇನೆ. ಅವತ್ತಿನಷ್ಟು ಹೆಮ್ಮೆ ಇನ್ನೊಂದು ದಿನ ಪಟ್ಟಿಲ್ಲ. ನನ್ನ ಬಗ್ಗೆ, ಎಲ್ಲೋ ಕೂತು ಇದನ್ನು ಬರೆದು ಸುಮ್ಮನೆ ಕೊಟ್ಟುಬಿಟ್ಟ ಆ ಗುರುತಿಲ್ಲದವರ ಬಗ್ಗೆ, ಎಲ್ಲಕ್ಕಿಂತ ಹೆಚ್ಚಾಗಿ ಬಸ್ಸಿನಲ್ಲಿ ನಿಂತು ಬಂದ ನಮ್ಮಪ್ಪನ ಬಗ್ಗೆ.

ಮೊದಲು ಬಂದ ಎರಡು ಬುಗುರಿಗೆ ಚಾಚಾ ಕೆಂಪು ಅರಗು ಹಚ್ಚಿಸಿದರು. ಹೊಳಪು ಬರಲೆಂದು ಒಣ ತಾಳೆಗರಿಯಿಂದ ಉಜ್ಜಿಸಿದ ಮೇಲೆ ಎರಡನ್ನೂ ತಾವೇ ತೆಗೆದುಕೊಂಡು ಅಪ್ಪನ ಮುಂದೆ ಹಿಡಿದರು. ಇಷ್ಟು ವರ್ಷ ನನ್ನನ್ನು ಗೇಲಿ ಮಾಡುತ್ತಿದ್ದ ಮಾತನ್ನೇ, ಈ ಸಲ ನಗದೆ ಹೇಳಿದರು.

"ಒಂದು ನಮ್ಮ ಬೇಟಿಗೆ, ಒಂದು ಅವರಪ್ಪನಿಗೆ."

ಅಪ್ಪ ಎರಡನ್ನೂ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಒಂದನ್ನು ಪಂಚೆಯ ಸೆರಗಿನಲ್ಲಿ ಗಂಟು ಹಾಕಿಕೊಂಡರು. ಇನ್ನೊಂದನ್ನು ನನಗೆ ಕೊಡಲಿಲ್ಲ. ಚಾಚಾನ ನಡುಗುವ ಅಂಗೈಯಲ್ಲಿಟ್ಟು, ತಮ್ಮ ಕೈಯಿಂದ ಅವರ ಬೆರಳುಗಳನ್ನು ಮಡಚಿ ಮುಚ್ಚಿದರು.

"ಎಲ್ಡೂ ನಮ್ಮನೆಗೇ ಬಂದ್ಬುಟ್ರೆ ಹೆಂಗೆ ಸಾಬ್ರೆ?" ಅಂದರು. "ಬಿತ್ತನೆ ಕಣಪ್ಪ ಇದು. ಒಂದು ಇಲ್ಲಿರ್ಲಿ, ಒಂದು ರಾಗಿ ಡ್ರಮ್ಮಲ್ಲಿರ್ತದೆ."